ನನಗೂ ಕಾಣವಲ್ದು, ದೊಡ್ಡವ್ವಾ

ದೊಡ್ಡವ್ವ ಕಸೂತಿ ಚಿತ್ರ ತೆಗೆಯುವುದನ್ನು ಬಿಟ್ಟಿದ್ದಾಳೆ ಎಂಬ ಸುದ್ದಿ ನನಗೆ ಮುಟ್ಟಿದ್ದು ಫೋನಿನಲ್ಲಿ, ಅದೂ ಬೇರೆ ಮಾತಿನ ನಡುವೆ. ದೊಡ್ಡವ್ವನ ಸೊಸೆ, ನನಗೆ ವೈನಿ, ಈ ಸಲದ ಮೆಣಸಿನಕಾಯಿ ಹೇಗಿದೆ, ಖಾರ ಯಾವಾಗ ಕುಟ್ಟಿಸಬೇಕು ಎಂದು ಮಾತಾಡುತ್ತಿದ್ದವರು ನಡುವೆ ದನಿ ಇಳಿಸಿದರು. ಅತ್ತೆ ಈಗ ಕಂಪ್ಯೂಟರ್ ಮುಟ್ಟುವುದಿಲ್ಲ, ಕಣ್ಣು ಪೂರ್ತಿ ಹೋದಂತಿದೆ, ಯಾರಿಗೂ ಹೇಳಬೇಡ ಎಂದಿದ್ದಾರೆ ಅಂದರು. ಮತ್ತೆ ಮೆಣಸಿನಕಾಯಿಗೆ ಹೊರಳಿದರು. ದೊಡ್ಡವ್ವ ಹತ್ತಿರಕ್ಕೆ ಬಂದಿರಬೇಕು.

ನಾನು ರೋಣದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ದೊಡ್ಡವ್ವ ನನ್ನ ತಾಯಿಯ ಅಕ್ಕ. ನರಗುಂದದಲ್ಲಿ ಹುಟ್ಟಿ ಬೆಳೆದವಳನ್ನು ಗಜೇಂದ್ರಗಡದ ಅರಿವೆ ವ್ಯಾಪಾರದ ಮನೆಗೆ ಕೊಟ್ಟರು. ಕೆಳಗೆ ಅಂಗಡಿ, ಮೇಲೆ ಮನೆ. ದೊಡ್ಡಪ್ಪ ಮತ್ತು ಮಗ ಅಂಗಡಿ ನೋಡಿಕೊಂಡರೆ ಇವಳು ಮೇಲಿನ ಪಡಸಾಲೆಯಲ್ಲಿ ಕೂತು ಕಸೂತಿಯ ಚಿತ್ರ ತೆಗೆಯುತ್ತಿದ್ದಳು. ಕಸೂತಿ ಎಂದರೆ ಎಳೆ ಎಣಿಸಿ ಹಾಕುವ ಹೊಲಿಗೆ. ಅರಿವೆಯ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಂಡು ಹಾಕುವ ಹಾಗಿಲ್ಲ. ಗಂಟು ಬೀಳಬಾರದು, ಹಿಂದೆ ಮುಂದೆ ಎರಡೂ ಕಡೆ ಚಿತ್ರ ಒಂದೇ ಆಗಿ ಮೂಡಬೇಕು. ಹೊಸ ಚಿತ್ರ ಬೇಕೆಂದರೆ ಮೊದಲು ಚೌಕಳಿ ಕಾಗದದ ಮೇಲೆ ಗೆರೆಗೆರೆಯಾಗಿ ಕೂಡಿಸಬೇಕು. ದೊಡ್ಡವ್ವ ಕೂಡಿಸಿಕೊಟ್ಟ ನವಿಲು, ತೊಟ್ಟಿಲು, ತುಳಸಿಕಟ್ಟೆಗಳನ್ನು ಹತ್ತಿರದ ಪುರ್ತಗೇರಿಯ ಕೆಲವು ಹೆಣ್ಣುಮಕ್ಕಳು ಕುಪ್ಪಸದ ಕಣಗಳ ಮೇಲೆ, ಸೀರೆಯ ಸೆರಗಿನ ಮೇಲೆ ಹಾಕಿ ಅಂಗಡಿಗೆ ತಂದುಕೊಡುತ್ತಿದ್ದರು. ಆಕೆಗೆ ಗಿರಾಕಿಗಳಿಗಿಂತ ಆ ಹೆಣ್ಣುಮಕ್ಕಳ ಮೇಲೇ ಹೆಚ್ಚು ಕಾಳಜಿ.

ಕೆಲವು ವರ್ಷಗಳ ಹಿಂದೆ ಆಕೆಯ ಕಣ್ಣಿನ ನಟ್ಟನಡುವಿನ ನೋಟ ಸವೆಯತೊಡಗಿತು. ಮಸುಕು ನಡುವಿಗೆ ಮಾತ್ರ, ಅಂಚಿನ ನೋಟ ಉಳಿಯುತ್ತದೆ ಎಂದು ಹುಬ್ಬಳ್ಳಿಯ ಕಣ್ಣಿನ ದವಾಖಾನೆಯಲ್ಲಿ ಹೇಳಿದ್ದರು. ಅಂದಿನಿಂದ ಆಕೆ ಯಾರನ್ನೇ ನೋಡಲಿ, ಮುಖವನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿ ನೋಡುತ್ತಾಳೆ. ಗುರುತಿಲ್ಲದವರಿಗೆ ಸಿಟ್ಟಿನಲ್ಲಿದ್ದಾಳೆ ಅನಿಸುತ್ತದೆ. ಚೌಕಳಿ ಕಾಗದದ ಸಣ್ಣ ಮನೆಗಳು ಕಾಣದಾದಾಗ ನಾನು ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಮೇಲಕ್ಕೆ ತರಿಸಿದೆ. ಹೊಸ ತಂತ್ರಾಂಶ ಹೊರುವ ತ್ರಾಣ ಅದಕ್ಕಿರಲಿಲ್ಲ, ಹಳೆಯ ಯಂತ್ರಗಳಲ್ಲೂ ನಡೆಯುವ ಲಿನಕ್ಸ್ ಹಾಕಿದೆ. ದೊಡ್ಡ ಮಾನಿಟರ್ ಕೂಡಿಸಿದೆ. ಪರದೆಯ ಮೇಲ್ಭಾಗದಲ್ಲಿ ಚಿತ್ರದ ಒಂದೊಂದು ಮನೆಯೂ ಹೆಬ್ಬೆರಳಿನಷ್ಟು ಹಿಗ್ಗಿ ಕಾಣುವಂತೆ, ಕೆಳಗಿನ ಪಟ್ಟಿ ಇದ್ದಂತೆಯೇ ಇರುವಂತೆ ಮಾಡಿಕೊಟ್ಟೆ. ದೊಡ್ಡವ್ವ ಮೌಸನ್ನು ಮೊದಮೊದಲು ಲಟ್ಟಣಿಗೆಯಂತೆ ಹಿಡಿಯುತ್ತಿದ್ದಳು. ಆಮೇಲೆ ಕೈ ಕೂತಿತು. ಹಿಗ್ಗಿಸಿದ ಮನೆಗಳ ಮೇಲೆ ಗೆರೆ ಎಳೆಯುತ್ತ, ಮುಖ ಓರೆ ಮಾಡಿ ಕೂತು, ಮೊದಲಿಗಿಂತ ಹೆಚ್ಚು ಚಿತ್ರ ತೆಗೆದಳು.

ಇಂಥವಳು ಬಿಟ್ಟಳೆಂದರೆ ನನಗೆ ನಂಬಿಕೆ ಬರಲಿಲ್ಲ. ಅಥವಾ ನಂಬಿಕೆ ಬಂತು, ಅದಕ್ಕೇ ಹೆದರಿಕೆಯಾಯಿತು. ರವಿವಾರ ಬಸ್ಸು ಹತ್ತಿದೆ.

ನಾನು ಹೋದಾಗ ದೊಡ್ಡವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕಣ್ಣು ಮುಚ್ಚಿಕೊಂಡಿದ್ದಳು. ನಾನು ಬಾಗಿಲಲ್ಲಿ ನಿಂತದ್ದು ಆಕೆಗೆ ಗೊತ್ತಾಗಲಿಲ್ಲ. ರೊಟ್ಟಿಯನ್ನು ಅಂಗೈಯಲ್ಲಿ ತಿರುಗಿಸುತ್ತ ಬಡಿದು, ಬೆರಳಿನಿಂದ ಅಂಚು ಮುಟ್ಟಿ ನೋಡಿ, ಹಂಚಿನ ಕಾವನ್ನು ಕೈ ಎತ್ತಿ ಅಳೆದು ಹಾಕಿದಳು. ನೀರು ಸವರುವ ಅರಿವೆಗಾಗಿ ಕೈ ಚಾಚಿದಾಗ ಅದು ಇದ್ದಲ್ಲೇ ಇತ್ತು. ಜೀರಿಗೆ, ಸಾಸಿವೆ, ಅರಿಸಿನದ ಡಬ್ಬಿಗಳ ಕೊರಳಿಗೆ ಬೇರೆ ಬೇರೆ ಬಗೆಯ ದಾರ ಕಟ್ಟಿದ್ದನ್ನು ಆಗ ಕಂಡೆ. ಆಕೆ ಕುರುಡಾಗುವುದನ್ನು ಅಭ್ಯಾಸ ಮಾಡುತ್ತಿದ್ದಳು. ಯಾರ ಸಹಾಯವನ್ನೂ ಕೇಳದೆ, ಮನೆಯವರಿಗೆ ಭಾರವಾಗದಂತೆ, ಮುಂದೆ ಬರುವುದಕ್ಕೆ ಒಬ್ಬಳೇ ತಯಾರಾಗುತ್ತಿದ್ದಳು. ಆ ರೊಟ್ಟಿ ಬೆಂದು ಹಂಚಿನಿಂದ ಇಳಿದ ಮೇಲೆ ಕರೆದೆ.

ಊಟವಾಗುವವರೆಗೂ ಕಣ್ಣಿನ ಮಾತು ಬರಲಿಲ್ಲ. ನನ್ನ ಕಾಲೇಜು, ನರಗುಂದದ ತವರುಮನೆ, ಕೊಣ್ಣೂರಿನ ಬೀಗರ ಮನೆಯ ಸೀಮಂತ, ಎಲ್ಲ ಬಂದವು. ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಕೆಳಗೆ ಇಳಿಯುವಾಗ ಮೆಟ್ಟಿಲ ಹತ್ತಿರ ನನ್ನನ್ನು ಕರೆದು, ಆಕೆಗೆ ಒತ್ತಾಯ ಮಾಡಬೇಡ ಎಂದರು. ಅವರು ಒಂದೆರಡು ಸಲ ಕೇಳಿ ನೋಡಿದ್ದರಂತೆ. ಆಕೆ ಮಾತು ತಪ್ಪಿಸಿದ್ದಳಂತೆ. ಸೂಜಿಗಳ ಡಬ್ಬಿಯನ್ನು ಪುರ್ತಗೇರಿಯ ಒಬ್ಬಾಕೆಗೆ ಕೊಟ್ಟುಬಿಟ್ಟಿದ್ದಾಳೆ, ಅದು ಇವಳ ಅವ್ವನ ಕಾಲದ್ದು, ಎಂದು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ಮಾನಿಟರಿನ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿತ್ತು. ನಾನು ದೊಡ್ಡವ್ವನ ಪಕ್ಕ ಕೂತು, ನೀನು ತೆಗೆಯುವುದು ಬೇಡ, ಎಲ್ಲಿ ಕಾಣುವುದಿಲ್ಲ ಎಂಬುದನ್ನಷ್ಟೇ ನನಗೆ ತೋರಿಸು, ಚಿತ್ರ ಇನ್ನಷ್ಟು ದೊಡ್ಡದು ಮಾಡಲಿಕ್ಕೆ ಬರುತ್ತದೆಯೇನೋ ನೋಡುತ್ತೇನೆ ಎಂದೆ.  ನಾನು ಬಸ್ಸಿನಲ್ಲಿ ಬಂದದ್ದಕ್ಕಾದರೂ ಮರ್ಯಾದೆ ಕೊಡಬೇಕೆಂದೋ ಏನೋ, ಎದ್ದು ಹೋಗಿ ಅರಿವೆ ತೆಗೆದಳು.

ಯಂತ್ರ ಶುರುವಾಯಿತು. ಅರ್ಧಕ್ಕೆ ನಿಂತಿದ್ದ ಗಿಳಿಯೊಂದರ ಚಿತ್ರ ತೆರೆದಳು. ಹಿಗ್ಗಿಸಿದಳು. ರೆಕ್ಕೆಯ ಒಂದು ಗೆರೆ ಬಂತು, ಇನ್ನೊಂದು ಬಂತು, ಕೊಕ್ಕಿನ ಕಡೆಗೆ ಚಿತ್ರವನ್ನು ಸರಿಸಿದಳು. ಬಾಣದ ಗುರುತು ಸರಿಯಿತು. ಚಿತ್ರ ಸರಿಯಲಿಲ್ಲ. ಇದ್ದಲ್ಲೇ ಒಂದು ಗೆರೆ ಎಳೆದು ನೋಡಿದಳು. ಆಕೆ ಮೌಸಿನ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಇಲ್ಲೇ ನೋಡು," ಅಂದಳು. "ಇಲ್ಲೀ ತನಕಾ ಕಾಣ್ತತಿ. ಆಮ್ಯಾಗ ಕೈ ಆಡಿಸಿದ್ರೂ ಗೆರಿ ಕಾಣಂಗಿಲ್ಲ. ಒಂದೀಟು ಹೊತ್ತಿಗೆ ಎಲ್ಲಾ ಮಬ್ಬಾಗಿ ಹೋಗ್ತತಿ. ದಿನಾ ಇದ ಆತು, ಮಗಳ."

ನಾನು ಪರದೆ ನೋಡಿದೆ. ಗೆರೆ ನನಗೂ ಕಾಣಲಿಲ್ಲ. ಗೆರೆ ಬಂದೇ ಇರಲಿಲ್ಲ. ಒಂದು ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ಕೆಳಗಿನ ಪಟ್ಟಿಯ ಮೂಲೆಯಲ್ಲಿ ಸಮಯ ತೋರಿಸುವ ಅಂಕಿಗಳಿದ್ದವು. ಗೋಡೆಯ ಗಡಿಯಾರವನ್ನು ನೋಡಿ, ಮತ್ತೆ ಅಂಕಿಗಳನ್ನು ನೋಡಿ, ಕಾದೆ. ಗೋಡೆಯ ಮುಳ್ಳು ಮುಂದೆ ಹೋಯಿತು. ಪರದೆಯ ಅಂಕಿ ಹಾಗೇ ನಿಂತಿತ್ತು. ಇನ್ನೂ ಕಾದೆ. ನಿಂತೇ ಇತ್ತು.

"ದೊಡ್ಡವ್ವಾ," ಅಂದೆ, "ನನಗೂ ಕಾಣವಲ್ದು."

ಆಕೆ ಮುಖ ಓರೆ ಮಾಡಿ ನನ್ನನ್ನು ನೋಡಿದಳು. "ನನ್ನ ಸಮಾಧಾನಕ್ಕ ಹೇಳಬ್ಯಾಡ. ನಾ ಸಣ್ಣ ಹುಡುಗಿ ಅಲ್ಲ."

ನಾನು ವೈನಿಯನ್ನು ಕರೆದೆ. ಅವರು ಕೈ ಒರೆಸಿಕೊಳ್ಳುತ್ತ ಬಂದರು. ಏನನ್ನೂ ಹೇಳದೆ ಮೌಸ್ ಅವರ ಕೈಗೆ ಕೊಟ್ಟು, ಗಿಳಿಯ ಕೊಕ್ಕಿಗೆ ಒಂದು ಗೆರೆ ಎಳೆಯಿರಿ ಎಂದೆ. ಅವರು ಎಳೆದರು. ಮತ್ತೆ ಎಳೆದರು. ಇದು ಹಿಡಿದುಕೊಂಡುಬಿಟ್ಟಿದೆಯಲ್ಲ, ಅಳ್ಳಾಡುತ್ತಲೇ ಇಲ್ಲವಲ್ಲ ಎಂದು ನನ್ನ ಕಡೆ ನೋಡಿದರು. ಆಮೇಲೆ ಏನಾಗುತ್ತಿದೆ ಎಂದು ಅವರಿಗೆ ಹೊಳೆಯಿತು. ಅತ್ತೆಯ ಕಡೆ ತಿರುಗಿ, "ಅತ್ತಿ, ಇದು ಕೆಟ್ಟೈತ್ರಿ. ನಿಮ್ಮ ಕಣ್ಣಲ್ಲರಿ," ಎಂದು ಹೇಳುತ್ತ ಹೇಳುತ್ತ ಸೆರಗನ್ನು ಬಾಯಿಗೆ ಹಿಡಿದರು.

ದೊಡ್ಡವ್ವ ಕೂತಲ್ಲೇ ಕೂತಿದ್ದಳು. ಎರಡೂ ಕೈಗಳಿಂದ ಮೊಣಕಾಲು ಒತ್ತಿಕೊಂಡಿದ್ದಳು. ನನಗೆ ನೆನಪಿರುವುದು ಆ ಕೈಗಳು. ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳಿನ ಗೆಣ್ಣುಗಳು ಬಿಳುಚಿದ್ದವು.

ಇಷ್ಟು ದಿನ ಯಾಕೆ ಯಾರಿಗೂ ತಿಳಿಯಲಿಲ್ಲ ಎಂದರೆ, ಯಾರೂ ಆಕೆಯ ಜೊತೆ ಕೂತು ಪರದೆ ನೋಡಿರಲಿಲ್ಲ. ಆಕೆ ಕಾಣುವುದಿಲ್ಲ ಎಂದಳು, ಎಲ್ಲರೂ ಹೌದೆಂದರು. ಅದು ಒಂದಲ್ಲ ಒಂದು ದಿನ ಬರುವುದೆಂದು ಮನೆಯವರೆಲ್ಲ ಒಳಗೊಳಗೇ ಕಾಯುತ್ತಿದ್ದುದೇ ಆಗಿತ್ತು. ಆಕೆ ಯಂತ್ರವನ್ನು ಬಂದ್ ಮಾಡಿ ಎದ್ದುಬಿಡುತ್ತಿದ್ದಳು. ಮರುದಿನ ಅದು ಮತ್ತೆ ಸರಿಯಾಗಿ ಶುರುವಾಗುತ್ತಿತ್ತು. ಮುಂಜಾನೆ ಕಣ್ಣು ತಾಜಾ ಇರುತ್ತದೆ, ಆಮೇಲೆ ದಣಿಯುತ್ತದೆ ಎಂದು ತಾನೇ ಅರ್ಥ ಮಾಡಿಕೊಂಡಿದ್ದಳು. ಆ ಅರ್ಥದಲ್ಲಿ ಎಲ್ಲೂ ತಪ್ಪಿರಲಿಲ್ಲ, ಅದು ಖರೆ ಅಲ್ಲ ಎಂಬುದನ್ನು ಬಿಟ್ಟರೆ.

ನಂತರದ್ದು ನನ್ನ ಕೆಲಸ. ಪರದೆ ನಿಂತಿದ್ದರೂ ಒಳಗೆ ಯಂತ್ರಕ್ಕೆ ಜೀವವಿದೆಯೇ ಎಂದು ಮೊದಲು ನೋಡಬೇಕು. ಕೀಲಿಮಣೆಯ ಕೆಲವು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರಗಳಿಲ್ಲದ, ಬರೀ ಅಕ್ಷರಗಳ ಕಪ್ಪು ಪರದೆಯೊಂದು ತೆರೆಯುತ್ತದೆ. ತೆರೆಯಿತು. ಅಂದರೆ ಯಂತ್ರ ಸತ್ತಿಲ್ಲ, ಚಿತ್ರ ತೋರಿಸುವ ಭಾಗ ಮಾತ್ರ ಕೈಕಟ್ಟಿ ಕೂತಿದೆ. ಯಂತ್ರ ತನ್ನಷ್ಟಕ್ಕೆ ಬರೆದಿಟ್ಟುಕೊಂಡ ಸಂದೇಶಗಳನ್ನು ಓದಿದೆ. ಗ್ರಾಫಿಕ್ಸ್ ಚಿಪ್ ಉತ್ತರ ಕೊಡುತ್ತಿಲ್ಲ ಎಂಬ ಒಂದೇ ದೂರು ಸಾಲುಸಾಲಾಗಿ ಇತ್ತು. ಇದು ಯಾವಾಗಿನಿಂದ ಎಂದು ವೈನಿಯನ್ನು ಕೇಳಿದೆ. ಅವರು ಯೋಚಿಸಿ, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಪರದೆಯಲ್ಲಿ ಅಪ್‌ಡೇಟ್ ಮಾಡಲೇ ಎಂದು ಕೇಳಿತು, ನಾನೇ ಹೂಂ ಅಂತ ಒತ್ತಿದೆ ಎಂದರು. ಅವರ ಮುಖ ಸಣ್ಣದಾಯಿತು. ಒತ್ತಿದ್ದು ಸರಿಯೇ, ನಾನಿದ್ದರೂ ಒತ್ತುತ್ತಿದ್ದೆ ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ನಾನು ದಿನವೂ ಒತ್ತುತ್ತೇನೆ.

ಕಾರಣ ಗೊತ್ತಾದ ಹಾಗಿತ್ತು, ಆದರೆ ಖಚಿತವಿರಲಿಲ್ಲ. ಹಳೆಯ ಯಂತ್ರ, ಕಾವಿನಿಂದಲೂ ಹೀಗಾಗಬಹುದು. ಡಬ್ಬಿ ಬಿಚ್ಚಿದೆ. ಒಳಗೆ ಅರಿವೆ ಅಂಗಡಿಯ ಧೂಳು, ನೂಲಿನ ನವಿರಾದ ಎಳೆಗಳು ಫ್ಯಾನಿಗೆ ಸುತ್ತಿಕೊಂಡಿದ್ದವು. ದೊಡ್ಡವ್ವ ಬ್ರಶ್ ತಂದುಕೊಟ್ಟಳು, ಪಕ್ಕದಲ್ಲೇ ಕೂತಳು. ಎದ್ದು ಹೋಗಿ ಮಲಗು ಎಂದರೂ ಕೇಳಲಿಲ್ಲ. ಧೂಳು ತೆಗೆದು ಶುರು ಮಾಡಿದೆ, ಆಕೆಯನ್ನೇ ಗೆರೆ ಎಳೆಯಲು ಕೂರಿಸಿದೆ. ಗಿಳಿಯ ಕೊರಳಿನ ಹತ್ತಿರ ಮತ್ತೆ ನಿಂತಿತು. ಹಿಗ್ಗಿಸುವುದನ್ನು ತೆಗೆದು ನೋಡಿದೆ. ಆಗ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಅಲ್ಲಿಗೆ ರೋಗ ಎಲ್ಲಿದೆ ಎಂದು ತಿಳಿಯಿತು. ಆದರೆ ಹಿಗ್ಗಿಸದ ಪರದೆ ದೊಡ್ಡವ್ವನಿಗೆ ಗೋಡೆಯಿದ್ದ ಹಾಗೆ.

ಲಿನಕ್ಸಿನಲ್ಲಿ ಪರದೆಯನ್ನು ನಡೆಸಲಿಕ್ಕೆ ಹೊಸ ಬಗೆ, ಹಳೆಯ ಬಗೆ ಎಂದು ಎರಡಿವೆ. ಪಾಸ್‌ವರ್ಡ್ ಹಾಕಿ ಒಳಗೆ ಹೋಗುವಾಗಲೇ ಯಾವುದು ಬೇಕೆಂದು ಆರಿಸಬಹುದು. ಹಳೆಯದನ್ನು ಆರಿಸಿದೆ. ಈ ಸಲ ದೊಡ್ಡವ್ವ ಗಿಳಿಯ ಕೊರಳು ಮುಗಿಸಿದಳು, ಕಾಲು ಮುಗಿಸಿದಳು, ಕೂತ ಟೊಂಗೆಯನ್ನು ಶುರು ಮಾಡಿದಳು. ವೈನಿ ಚಹಾ ತಂದರು. ಸರಿಹೋಯಿತು ಎಂದು ನಾನು ಮನಸ್ಸಿನಲ್ಲೇ ಬಸ್ಸಿನ ಹೊತ್ತು ನೋಡಿಕೊಳ್ಳುತ್ತಿರುವಾಗ ಮೌಸ್ ಆಡುತ್ತಿದ್ದ ಸದ್ದು ನಿಂತಿತು.  ಆಕೆ ಮತ್ತೆ ಕೈಗಳನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ ಅಂದುಕೊಂಡೆ.

ಆಕೆ ನಕ್ಕಳು. "ಬಾ ಇಲ್ಲೆ. ಇದರ ಕಣ್ಣ ಮತ್ತ ಹೋದ್ವು ನೋಡು."

ಆ ಮನೆಯಲ್ಲಿ ಎಷ್ಟೋ ವಾರಗಳಿಂದ ಆ ನಗು ಕೇಳಿರಲಿಲ್ಲವೆಂದು ವೈನಿ ಆಮೇಲೆ ಹೇಳಿದರು. ನನಗಂತೂ ಯಂತ್ರ ಇನ್ನೊಂದು ಸಲ ನಿಂತರೂ ಅಡ್ಡಿಯಿಲ್ಲ ಅನಿಸಿತು.

ಉಳಿದಿದ್ದು ಒಂದೇ ದಾರಿ. ಅಪ್‌ಡೇಟ್ ಆದಾಗ ಲಿನಕ್ಸಿನ ತಿರುಳು ಹೊಸದಾಗುತ್ತದೆ. ಅದಕ್ಕೆ ಕರ್ನಲ್ ಎನ್ನುತ್ತಾರೆ; ಯಂತ್ರದ ಭಾಗಗಳ ಜೊತೆ ಮಾತಾಡುವುದೆಲ್ಲ ಅದೇ. ಹೊಸದು ಬಂದರೂ ಹಿಂದಿನದನ್ನು ಅಳಿಸದೆ ಒಂದು ಮೂಲೆಯಲ್ಲಿ ಇಟ್ಟಿರುತ್ತದೆ. ಶುರುವಾಗುವಾಗಲೇ ತಡೆದು, ಹಿಂದಿನದರಿಂದಲೇ ಏಳು ಎಂದು ಹೇಳಲಿಕ್ಕೆ ಬರುತ್ತದೆ. ಇದನ್ನು ನಾನು ಮೊದಲೇ ಮಾಡಬಹುದಿತ್ತು. ಆದರೆ ಹಿಂದಕ್ಕೆ ಹೋಗುವುದೆಂದರೆ ಯಾರಿಗೂ ಮನಸ್ಸು ಬೇಗ ಒಪ್ಪುವುದಿಲ್ಲ. ದೊಡ್ಡವ್ವನಿಗೆ ಹೀಗೆಂದು ತಿಳಿಸಿ ಹೇಳಿದೆ. ಆಕೆ ಕೇಳಿಸಿಕೊಂಡು, ಹೊಸಾ ಸೊಸಿ ಬಂದ ಮ್ಯಾಲೂ ಹಳೇ ಅತ್ತೀನ್ನ ಮನ್ಯಾಗ ಇಟ್ಕೊಂಡಂಗಾತು ಎಂದಳು. ವೈನಿ ಒಳಗಿನಿಂದ, ಇಟ್ಕೊಂಡಿದ್ದಕ್ಕ ಕೆಲಸಕ್ಕ ಬಂತಲ್ಲರಿ ಎಂದರು.

ಹಿಂದಿನ ಕರ್ನಲ್ಲಿನಿಂದ ಎದ್ದ ಯಂತ್ರ ನಿಲ್ಲಲಿಲ್ಲ. ದೊಡ್ಡವ್ವ ಹಿಗ್ಗಿಸಿದಳು, ಕುಗ್ಗಿಸಿದಳು, ಬೇಕೆಂದೇ ಚಿತ್ರವನ್ನು ಈ ತುದಿಯಿಂದ ಆ ತುದಿಗೆ ರಭಸದಿಂದ ಎಳೆದಳು. ನಾನು ಕೆಳಗಿನ ಅಂಗಡಿಗೆ ಹೋಗಿ ದೊಡ್ಡಪ್ಪನಿಗೆ ಹೇಳಿ ಬಂದೆ. ಅವರು ಗಿರಾಕಿಯ ಮುಂದೆ ಹರವಿದ್ದ ಪಟ್ಟೇದಂಚಿನ ಸೀರೆಯನ್ನು ಹಾಗೇ ಬಿಟ್ಟು ಮೇಲೆ ಬಂದರು. ಆಕೆಯ ಹಿಂದೆ ನಿಂತು ಟೊಂಗೆಯ ಮೇಲೆ ಎಲೆ ಮೂಡುವುದನ್ನು ನೋಡಿದರು. ಆಮೇಲೆ, "ನನಗ ಒಂದ ಮಾತ ಹೇಳಬೇಕಿತ್ತಲ್ಲ," ಎಂದರು.

"ಹೇಳಿದ್ರ ಏನ್ ಮಾಡ್ತಿದ್ರಿ? ನೀವೂ ಹೆದರ್ತಿದ್ರಿ," ಎಂದಳು ಆಕೆ. ಗೆರೆ ಎಳೆಯುವುದನ್ನು ನಿಲ್ಲಿಸಲಿಲ್ಲ.

ಇನ್ನು ಮುಂದೆ ಆ ಕರ್ನಲ್ಲಿನಿಂದಲೇ ಏಳುವಂತೆ, ನಾನು ಬಂದು ನೋಡುವವರೆಗೆ ತಿರುಳು ಹೊಸದಾಗದಂತೆ ಮಾಡಿ, ಕೊನೆಯ ಬಸ್ಸಿಗಿಂತ ಮೊದಲು ಹೊರಟೆ. ಹೊರಡುವಾಗ ಒಂದು ಮಾತು ತೆಗೆದೆ. ಕಣ್ಣಿನ ದವಾಖಾನೆಗೆ ಹೋಗಿ ಎಷ್ಟು ದಿನವಾಯಿತು ಎಂದೆ.  ಇನ್ನೇನು ನೋಡಿಸುವುದಿದೆ ಎಂದು ಆಕೆ ಹೋಗುವುದನ್ನೇ ಬಿಟ್ಟಿದ್ದಳು. ನಿಂತಿದ್ದು ಯಂತ್ರ, ಕಣ್ಣಲ್ಲ ಎಂದು ತಿಳಿದ ಖುಷಿಯಲ್ಲಿ, ಕಣ್ಣು ಹೇಗಿದೆ ಎಂಬುದು ಯಾರಿಗೂ ಗೊತ್ತಿಲ್ಲ ಎಂಬುದನ್ನು ಮರೆತಿದ್ದೆವು.

ಮುಂದಿನ ವಾರ ರಜೆ ಹಾಕಿ ಆಕೆಯ ಜೊತೆ ಹುಬ್ಬಳ್ಳಿಗೆ ಹೋದೆ. ಡಾಕ್ಟರು ಬಹಳ ಹೊತ್ತು ನೋಡಿದರು. ಎಡಗಣ್ಣಿನ ಮಸುಕು ಹಿಂದಿಗಿಂತ ಹರಡಿತ್ತು. ಬಲಗಣ್ಣು ಹಾಗೇ ಇತ್ತು. ತಪ್ಪದೆ ಬರುತ್ತಿದ್ದರೆ ಎಡಗಣ್ಣನ್ನೂ ಒಂದಿಷ್ಟು ಹಿಡಿದು ನಿಲ್ಲಿಸಬಹುದಿತ್ತು, ಇನ್ನು ಮೇಲೆ ಬಿಡಬೇಡಿ ಎಂದರು. ಬೈಯಲಿಲ್ಲ. ಎಡಗಣ್ಣಿಗೆ ಚುಚ್ಚುಮದ್ದು ಶುರುವಾಯಿತು. ದೊಡ್ಡವ್ವ ಹೊರಗೆ ಬಂದು ಬೆಂಚಿನ ಮೇಲೆ ಕೂತು ಬಾಟಲಿಯ ನೀರನ್ನೆಲ್ಲ ಕುಡಿದಳು.  ಒಂದು ಹೆದರಿಕೆ ಸುಳ್ಳಾಗಿ, ಅದರ ಹಿಂದೆ ಇನ್ನೊಂದು ಖರೆಯಾಗಿ ನಿಂತಿತ್ತು. ಆದರೆ ಇದು ಅಳತೆಯಿರುವ ಹೆದರಿಕೆ. ಎಷ್ಟಿದೆ, ಎಲ್ಲಿದೆ ಎಂದು ಡಾಕ್ಟರು ಚಿತ್ರ ತೆಗೆದು ತೋರಿಸಿದ್ದರು.

ತಿರುಗಿ ಬರುವಾಗ ಗಜೇಂದ್ರಗಡ ಹತ್ತಿರವಾದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಸಂಜೆಯ ಬೆಳಕು ಅವುಗಳ ರೆಕ್ಕೆಯ ಮೇಲಿತ್ತು. ಕಿಟಕಿಯ ಪಕ್ಕ ಕೂತಿದ್ದ ದೊಡ್ಡವ್ವ ಮುಂದೆ ನೋಡುತ್ತಲೇ ಇದ್ದವಳು ಹೇಳಿದಳು: "ಅವು ತಿರಗೂದು ಚಲೋ ಕಾಣ್ತತಿ ಮಗಳ. ನಿನ್ನ ಮಾರಿ ಕಾಣಂಗಿಲ್ಲ, ಅವು ಕಾಣ್ತಾವು. ಆಡೂದೆಲ್ಲಾ ಕಾಣ್ತತಿ. ನಿಂತದ್ದ ಹೋಗ್ತತಿ."

ಪರದೆ ಒಮ್ಮೆಗೇ ನಿಂತಾಗ ಆಕೆಗೆ ಎಲ್ಲವೂ ಮಬ್ಬಾದಂತೆ ಆಗುತ್ತಿದ್ದುದು ಯಾಕೆಂದು ಆಗ ನನಗೆ ತಿಳಿಯಿತು. ಅಂಚಿನ ನೋಟಕ್ಕೆ ಚಲನೆಯೇ ಆಧಾರ. ಆಕೆ ಅಂದುಕೊಂಡದ್ದು ಅರ್ಧ ಖರೆಯೇ ಆಗಿತ್ತು.

ಕೆಲವು ತಿಂಗಳಲ್ಲಿ ಆ ದೋಷ ತಿದ್ದಿದ ಹೊಸ ಕರ್ನಲ್ ಬಂತು. ಮೊದಲು ನಮ್ಮ ಲ್ಯಾಬಿನಲ್ಲಿದ್ದ ಅಂಥದೇ ಹಳೆಯ ಯಂತ್ರದ ಮೇಲೆ ಹಾಕಿ, ಹಿಗ್ಗಿಸಿ, ಎಳೆದಾಡಿ ನೋಡಿದೆ. ಆಮೇಲೆ ಗಜೇಂದ್ರಗಡಕ್ಕೆ ಹೋಗಿ ಅಲ್ಲಿ ಹಾಕಿದೆ. ಈಗ ನಡೆಯುತ್ತಿದೆ. ದೊಡ್ಡವ್ವ ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗುತ್ತಾಳೆ, ಹೆಚ್ಚಾಗಿ ವೈನಿಯ ಜೊತೆ. ಪುರ್ತಗೇರಿಯಾಕೆ ಸೂಜಿಗಳ ಡಬ್ಬಿ ತಿರುಗಿ ಕೊಡಲು ಬಂದಿದ್ದಳಂತೆ. ಕೊಟ್ಟಿದ್ದು ಕೊಟ್ಟ ಹಾಗೆ, ನೀನೇ ಇಟ್ಟುಕೋ ಎಂದು ಇವಳು ಕಳಿಸಿದಳಂತೆ. ಅದು ಸರಿಯೇ, ಎಳೆ ಎಣಿಸುವ ಕಣ್ಣು ಇನ್ನು ಬರುವುದಿಲ್ಲ.

ಹೋದ ಸಲ ನಾನು ಹೋದಾಗ ಆಕೆ ಗಾಳಿಯಂತ್ರದ ಚಿತ್ರ ಕೂಡಿಸುತ್ತಿದ್ದಳು. ಕಸೂತಿಯಲ್ಲಿ ಅದನ್ನು ಯಾರೂ ಹಾಕಿದ್ದು ನಾನು ಕಂಡಿಲ್ಲ. ಮೂರು ರೆಕ್ಕೆಗಳು ಚೌಕಳಿ ಮನೆಗಳಲ್ಲಿ ಸಮನಾಗಿ ಕೂರುವುದಿಲ್ಲ; ನಾಲ್ಕಾದರೆ ಕೂರುತ್ತವೆ. ಹೊಲಿಯುವ ಹೆಣ್ಣುಮಕ್ಕಳು ನಾಲ್ಕೇ ಇರಲಿ ಎಂದು ಹಟ ಹಿಡಿದಿದ್ದರಂತೆ. ಗುಡ್ಡದ ಮೇಲೆ ಇರುವುದು ಮೂರು, ಸುಳ್ಳು ಯಾಕೆ ಹಾಕಬೇಕು ಎಂದು ಇವಳ ವಾದ. ಒಂದು ರೆಕ್ಕೆಯನ್ನು ನೇರ ಮೇಲಕ್ಕೆತ್ತಿ, ಉಳಿದೆರಡನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಿದ್ದಳು. ಒಂದು ಬದಿ ತುಸು ಉದ್ದವಾಗಿತ್ತು. ನಾನು ಹೇಳಿದೆ. ದೊಡ್ಡವ್ವ ಮುಖ ಓರೆ ಮಾಡಿ ಬಹಳ ಹೊತ್ತು ನೋಡಿದಳು, ಒಂದು ಗೆರೆ ಅಳಿಸಿದಳು, ಈಗ ನೋಡು ಎಂದಳು.